ಬಿಸಿ ಎಲ್ಲಿ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮಾತು ಶುರು ಮಾಡುವ ಮೊದಲು ಇದನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಭಾರ ಇದೆ, ಎರಡೂ ಕೈಯಲ್ಲಿ ಹಿಡಿಯಿರಿ. ನೋಡಿ ಹಿಂದಿನವರಿಗೆ ದಾಟಿಸಿ.

ಇದು ಪ್ರೀಮಿಯರ್ ಪದ್ಮಿನಿಯ ಮುಂದಿನ ಚಕ್ರದ ಬ್ರೇಕ್ ಡ್ರಮ್. ಪೆಡಲ್ ಒತ್ತಿದಾಗ ಶೂ ಅನ್ನುವ ಪಟ್ಟಿಗಳು ಇದರ ಒಳಮೈಗೆ ಉಜ್ಜಿ ಚಕ್ರವನ್ನು ನಿಲ್ಲಿಸುತ್ತವೆ. ಒಳಮೈ ಮೇಲೆ ಬೆರಳು ಆಡಿಸಿ. ಅಲ್ಲಲ್ಲಿ ನೀಲಿ ಕಲೆ ಕಾಣುತ್ತದೆ, ಅಲ್ವಾ? ಅದು ಕಬ್ಬಿಣ ಕಾದು ಕಾದು ಬಂದ ಬಣ್ಣ. ಅಂಚಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿರುಕು ಇದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಈ ಡ್ರಮ್ ನನ್ನ ಸ್ವಂತ ಕಾರಿನದು. ಇದರ ಕಥೆ ಆಮೇಲೆ ಹೇಳುತ್ತೇನೆ.

ಗೋಣಿಕೊಪ್ಪದ ಹತ್ತಿರ ನನ್ನ ಗ್ಯಾರೇಜಿಗೆ ಬರುವ ಹುಡುಗರು ಕೇಳುವುದು ಒಂದೇ. ತಾತನ ಫಿಯೆಟ್ ಶೆಡ್ಡಿನಲ್ಲಿತ್ತು, ಹೊರಗೆ ತೆಗೆದಿದ್ದೇವೆ, ಅಣ್ಣ, ಪಿಕಪ್ ಜಾಸ್ತಿ ಮಾಡಿಕೊಡಿ. ಕೆಲವರು ಜಿಪ್ಸಿ ತರುತ್ತಾರೆ, ಕೆಲವರು ಕಾಂಟೆಸ್ಸಾ. ಆಸೆ ನನಗೂ ಅರ್ಥವಾಗುತ್ತದೆ. ಹಳೆಯ ಕಾರು ಮೂರನೇ ಗೇರಿನಲ್ಲಿ ಮೈದುಂಬಿ ಓಡುವಾಗ ಬರುವ ಸದ್ದು ಇವತ್ತಿನ ಯಾವ ಕಾರಿನಲ್ಲೂ ಇಲ್ಲ. ಆದರೆ ಅವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಸ್ಪೀಡ್ ಜಾಸ್ತಿ ಮಾಡಿದರೆ ಬಿಸಿಯೂ ಜಾಸ್ತಿ. ಆ ಬಿಸಿ ಎಲ್ಲಿ ಹೋಗುತ್ತದೆ?

ಒಂದು ಲೆಕ್ಕ ನೋಡೋಣ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಸಂಪಾಜೆಗೆ ಇಳಿದರೆ ಹೆಚ್ಚುಕಡಿಮೆ 1,000 ಮೀಟರ್ ಕೆಳಗೆ ಬರುತ್ತೇವೆ. ನಾಲ್ಕು ಜನ ಕೂತ ಪದ್ಮಿನಿಯ ತೂಕ 1,150 ಕೆಜಿ ಅಂದುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನು ಪೂರ್ತಿ ಬಿಸಿ ಮಾಡಿದರೆ ಸುಮಾರು 35 ಲೀಟರ್ ತಣ್ಣೀರನ್ನು ಕುದಿಸಬಹುದು. ನಮ್ಮ ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಎದ್ದು ಕಾಫಿ ಗಿಡದ ಸೌದೆ ತುರುಕಿ, ಊದಿ ಊದಿ ಕಾಯಿಸುತ್ತೇವಲ್ಲ, ಅಷ್ಟು ನೀರು. ಆ ಬಿಸಿಯಲ್ಲಿ ಒಂದು ಪಾಲನ್ನು ಗಾಳಿ ತೆಗೆದುಕೊಳ್ಳುತ್ತದೆ. ಟೈರಿನ ಉಜ್ಜಾಟ ಸ್ವಲ್ಪ ತೆಗೆದುಕೊಳ್ಳುತ್ತದೆ. ಗೇರಿನಲ್ಲಿ ಇಳಿದರೆ ಎಂಜಿನ್ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ? ಆ ಪಾಲೂ ಬ್ರೇಕಿನ ತಲೆಗೇ ಬರುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ಘಾಟಿಯಲ್ಲಿ ನ್ಯೂಟ್ರಲ್ ಹಾಕುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಇನ್ನು ಸ್ಪೀಡಿನ ಲೆಕ್ಕ. ಅದೇ ಕಾರು 40 ಕಿಲೋಮೀಟರ್ ವೇಗದಿಂದ ನಿಂತಾಗ ಬರುವ ಬಿಸಿಗೂ 80ರಿಂದ ನಿಂತಾಗ ಬರುವ ಬಿಸಿಗೂ ನಾಲ್ಕು ಪಟ್ಟು ವ್ಯತ್ಯಾಸ. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 80ರಿಂದ ಒಂದು ಸಲ ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಕುದಿಯುವಷ್ಟು ಬಿಸಿ, ಕೆಲವೇ ಸೆಕೆಂಡಿನಲ್ಲಿ. ಪದ್ಮಿನಿಯನ್ನು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೆ 1,089 ಸಿಸಿ ಎಂಜಿನ್, 40 ಕುದುರೆಶಕ್ತಿಯ ಆಸುಪಾಸು, ನಾಲ್ಕೂ ಚಕ್ರಕ್ಕೆ ಡ್ರಮ್. ಆ ಬಲಕ್ಕೆ ಆ ಬ್ರೇಕ್ ಸರಿಹೋಗುತ್ತದೆ. ನಾವು ಬಲವನ್ನು ಮಾತ್ರ ಹೆಚ್ಚಿಸಿದರೆ ಅವರ ಲೆಕ್ಕ ತಪ್ಪುತ್ತದೆ.

ಈಗ ಡ್ರಮ್‌ನ ಕಥೆ. ಬಹಳ ವರ್ಷದ ಹಿಂದೆ, ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಕಡೆ ಇಳಿಯುತ್ತಿದ್ದೆ. ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಎಂಜಿನ್ ಬೋರ್ ಮಾಡಿಸಿ, ಹೆಡ್ ಕೆಲಸ ಮುಗಿಸಿ ಒಂದು ವಾರವಾಗಿತ್ತು. ಕಾರು ಹೂವಿನಂತೆ ಹೋಗುತ್ತಿತ್ತು, ನಾನೂ ಜೋರಾಗಿಯೇ ಬಿಟ್ಟಿದ್ದೆ. ತಿರುವಿಗೊಂದು ಸಲ ಬ್ರೇಕ್ ಒತ್ತುತ್ತಾ ಇಳಿದೆ. ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಸ್ವಲ್ಪ ಕೆಳಗೆ ಹೋಗತೊಡಗಿತು. ಅದರ ಮುಂದಿನ ತಿರುವಿನಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಯಿತು, ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ. ಎರಡನೇ ಗೇರಿಗೆ ಎಳೆದೆ, ಹ್ಯಾಂಡ್‌ಬ್ರೇಕ್ ಹಾಕಿದೆ, ಎಡಗಡೆಯ ದರೆಗೆ ಮಡ್‌ಗಾರ್ಡ್ ಉಜ್ಜಿಸಿ ನಿಲ್ಲಿಸಿದೆ. ಹುಡುಗ ಒಂದು ಮಾತೂ ಆಡಲಿಲ್ಲ. ಅವನ ಕೈ ಬಾಗಿಲಿನ ಹಿಡಿಯನ್ನು ಹಿಡಿದದ್ದು ಹಾಗೇ ಇತ್ತು.

ಇಪ್ಪತ್ತು ನಿಮಿಷ ಬಿಟ್ಟು ಪೆಡಲ್ ಒತ್ತಿದರೆ, ಮತ್ತೆ ಗಟ್ಟಿ! ಎಲ್ಲೂ ಲೀಕ್ ಇರಲಿಲ್ಲ. ಆಗಿದ್ದು ಇಷ್ಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮೂರಿನ ಮಳೆಗಾಲ ನಿಮಗೆ ಗೊತ್ತಲ್ಲ, ಬೀರುವಿನ ಒಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ನನ್ನ ಕಾರಿನಲ್ಲಿದ್ದ ಆಯಿಲ್ ನಾಲ್ಕು ಮಳೆಗಾಲ ಕಂಡಿತ್ತು. ಚಕ್ರದ ಹತ್ತಿರ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಒಳಗೆ ಅದು ಕುದಿದು ಆವಿಯಾಯಿತು. ಆಯಿಲ್ಲನ್ನು ಒತ್ತಿದರೆ ಅದು ಕುಗ್ಗದೆ ಬಲವನ್ನು ಮುಂದಕ್ಕೆ ದಾಟಿಸುತ್ತದೆ, ಆವಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ತಣ್ಣಗಾದಾಗ ಮತ್ತೆ ಆಯಿಲ್ ಆಯಿತು, ಪೆಡಲ್ ಬಂತು. ಎಂಜಿನ್ನಿಗೆ ನಾನು ಸುರಿದ ದುಡ್ಡಿನ ಮುಂದೆ ಒಂದು ಡಬ್ಬಿ ಬ್ರೇಕ್ ಆಯಿಲ್ ಯಾವ ಲೆಕ್ಕ? ಅವತ್ತಿನಿಂದ ನಾನು ಕೆಲಸದ ಕ್ರಮವನ್ನೇ ಬದಲಾಯಿಸಿದೆ.

ಮೊದಲು ಬ್ರೇಕ್. ಪ್ರತಿ ವರ್ಷ ಮಳೆ ನಿಂತ ಮೇಲೆ ಆಯಿಲ್ ಪೂರ್ತಿ ಬದಲಾಯಿಸಿ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ, ಅವನ್ನೂ ತೆಗೆಯಿರಿ. ಹಳೆಯ ಕಾರುಗಳಲ್ಲಿ ಎಷ್ಟೋ ಕಡೆ ನಾಲ್ಕೂ ಚಕ್ರಕ್ಕೆ ಒಂದೇ ಲೈನ್ ಇರುತ್ತದೆ. ಒಂದು ಕಡೆ ಒಡೆದರೆ ನಾಲ್ಕೂ ಹೋಯಿತು. ಪೆಡಲ್ ಒತ್ತಿದಾಗ ಆಯಿಲ್ಲನ್ನು ತಳ್ಳುವ ಮಾಸ್ಟರ್ ಸಿಲಿಂಡರನ್ನು ಎರಡು ಭಾಗದ್ದು ಹಾಕಿಸುವುದು ನನ್ನ ಮಟ್ಟಿಗೆ ಅತಿ ದೊಡ್ಡ ಅಪ್‌ಗ್ರೇಡ್. ಅದಾದ ಮೇಲೆ ಮುಂದಿನ ಚಕ್ರಕ್ಕೆ ಡಿಸ್ಕ್. ಡ್ರಮ್ ಕಾದಾಗ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಡಿಸ್ಕ್ ಕಾದಾಗ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ, ಮೇಲಾಗಿ ಗಾಳಿಗೆ ತೆರೆದುಕೊಂಡಿರುತ್ತದೆ. ಆದರೆ ಗುಜರಿಯಲ್ಲಿ ಸಿಕ್ಕ ಡಿಸ್ಕನ್ನು ವೆಲ್ಡಿಂಗ್ ಮಾಡಿ ಕೂರಿಸುವವರ ಕೈಗೆ ಮಾತ್ರ ಕಾರು ಕೊಡಬೇಡಿ. ಮುಂದೆ ಹಿಂದೆ ಬ್ರೇಕಿನ ಹಂಚಿಕೆ ತಪ್ಪಿದರೆ ಒದ್ದೆ ರಸ್ತೆಯಲ್ಲಿ ಕಾರು ಗರಗರ ತಿರುಗುತ್ತದೆ.

ಆಮೇಲೆ ಟೈರ್. ಪಕ್ಕದ ಮೈ ಮೇಲೆ ನಾಲ್ಕು ಅಂಕೆ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಮ್ಮ ತೋಟದ ಮನೆಗಳ ಕಾರುಗಳು ಓಡುವುದೇ ಕಡಿಮೆ. ಹಾಗಾಗಿ ಗುಂಡಿ, ಅಂದರೆ ಟೈರಿನ ಮೇಲಿನ ಉಬ್ಬು ಅಚ್ಚು, ಸವೆದಿರುವುದಿಲ್ಲ, ನೋಡಲು ಹೊಸ ಟೈರೇ. ಉಗುರು ಒತ್ತಿ ನೋಡಿ, ಒಣಗಿದ ಹಲಸಿನ ಬೀಜದಷ್ಟು ಗಟ್ಟಿ. ಆ ರಬ್ಬರ್ ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ಆರು ವರ್ಷ ದಾಟಿದ ಟೈರ್ ಮೇಲೆ ನಾನು ಜೋರಾಗಿ ಓಡಿಸುವುದಿಲ್ಲ, ಗುಂಡಿ ಎಷ್ಟೇ ಇರಲಿ.

ಸ್ಟೇರಿಂಗ್ ಪರೀಕ್ಷೆ ಮನೆಯಂಗಳದಲ್ಲೇ ಮಾಡಬಹುದು. ಎಂಜಿನ್ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದಿನ ಟೈರ್ ನೋಡುತ್ತಾ ಸ್ಟೇರಿಂಗನ್ನು ಮೆಲ್ಲಗೆ ಆಡಿಸಿ. ಚಕ್ರ ಅಲುಗುವ ಮೊದಲು ಸ್ಟೇರಿಂಗ್ ಎಷ್ಟು ಬೆರಳು ಓಡಿತು? ಎರಡು ಬೆರಳಿಗಿಂತ ಜಾಸ್ತಿ ಓಡಿದರೆ ಕಿಂಗ್‌ಪಿನ್, ಬುಶ್, ಸ್ಟೇರಿಂಗ್ ಬಾಕ್ಸ್ ಮೂರನ್ನೂ ನೋಡಬೇಕು. 50ರಲ್ಲಿ ಇದು ಗೊತ್ತೇ ಆಗುವುದಿಲ್ಲ. 90ರಲ್ಲಿ ಕಾರು ರಸ್ತೆಯನ್ನು ಹುಡುಕುತ್ತಾ ಓಡುತ್ತದೆ.

ಇಷ್ಟೆಲ್ಲ ಆದ ಮೇಲೆ ಎಂಜಿನ್. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹೊಸ ಬಲ ಕೇಳುವ ಮೊದಲು ಕಳೆದುಹೋದ ಬಲವನ್ನು ವಾಪಸ್ ತನ್ನಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ವಾಲ್ವ್ ಕೂರಿಸಿ, ಟೈಮಿಂಗ್ ಸರಿಮಾಡಿ, ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ. ಎಷ್ಟೋ ಜನ ಇಷ್ಟಕ್ಕೇ ಖುಷಿಯಾಗಿ, ಇನ್ನು ಸಾಕು ಅಣ್ಣ, ಅಂದಿದ್ದಾರೆ. 2000ನೇ ಇಸವಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು. ಹಳೆಯ ಎಂಜಿನ್ನುಗಳಲ್ಲಿ ವಾಲ್ವ್ ಕೂರುವ ಜಾಗಕ್ಕೆ, ಅಂದರೆ ವಾಲ್ವ್ ಸೀಟಿಗೆ, ಆ ಸೀಸವೇ ಕಾವಲಾಗಿತ್ತು. ಜೋರಾಗಿ ಓಡಿಸುವವರು ಹೆಡ್ ಇಳಿಸಿದಾಗ ಗಟ್ಟಿ ಉಕ್ಕಿನ ಸೀಟ್ ಹಾಕಿಸಿಬಿಡಿ.

ಕಾರ್ಬುರೇಟರ್ ವಿಷಯ ನಮ್ಮ ಜಿಲ್ಲೆಯಲ್ಲಿ ಬಹಳ ಸ್ವಾರಸ್ಯ. ಮಂಗಳೂರಿನಲ್ಲಿ ಚೆನ್ನಾಗಿ ಟ್ಯೂನ್ ಮಾಡಿಸಿದ ಕಾರು ಮಡಿಕೇರಿಗೆ ಬಂದರೆ ಪ್ಲಗ್ ಕಪ್ಪಾಗುತ್ತದೆ. ಇಲ್ಲಿ ಗಾಳಿ ಸುಮಾರು ಹತ್ತು ಪರ್ಸೆಂಟ್ ತೆಳು. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ. ಗಾಳಿ ಇಳಿದಷ್ಟು ಪೆಟ್ರೋಲ್ ಇಳಿಸುವುದಿಲ್ಲ, ಮಿಶ್ರಣ ದಪ್ಪವಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಅದೇ ಜೆಟ್ಟಿನಲ್ಲಿ, ಅಂದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ಬಿಡುವ ಅದೇ ಸಣ್ಣ ತೂತಿನಲ್ಲಿ, ಮಿಶ್ರಣ ತೆಳುವಾಗುತ್ತದೆ. ಒಂದು ದಪ್ಪ ಮಾಡುತ್ತದೆ, ಇನ್ನೊಂದು ತೆಳು ಮಾಡುತ್ತದೆ. ಮಡಿಕೇರಿಯಲ್ಲಿ ಎರಡೂ ಸ್ವಲ್ಪಮಟ್ಟಿಗೆ ಸರಿದೂಗಿ ಕಾರು ಚೆನ್ನಾಗೇ ಓಡುತ್ತದೆ. ಅದೇ ಕಾರು ಸಂಪಾಜೆ ಇಳಿದು ಸುಳ್ಯ ದಾಟಿದರೆ ಬರೀ ಎಥನಾಲಿನ ಪರಿಣಾಮ ಉಳಿಯುತ್ತದೆ. ತೆಳು ಮಿಶ್ರಣದಲ್ಲಿ ಪಿಕಪ್ ತಡವರಿಸುತ್ತದೆ, ಎಳೆತದಲ್ಲಿ ಎಂಜಿನ್ ಬಿಸಿಯಾಗುತ್ತದೆ. ಅದಕ್ಕೇ ನಾನು ಜೆಟ್ ಬದಲಾಯಿಸಿದ ಮೇಲೆ ಇಲ್ಲಿ ಒಂದು ಸಲ, ಕೆಳಗೆ ಒಂದು ಸಲ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತೇನೆ. ಕಂದು ಬಣ್ಣ ಸಿಗುವವರೆಗೆ ಬಿಡುವುದಿಲ್ಲ.

ಎಥನಾಲ್ ನೀರನ್ನೂ ಹೀರುತ್ತದೆ. ಜೂನ್‌ನಲ್ಲಿ ಶೆಡ್ಡಿಗೆ ಹಾಕಿದ ಕಾರನ್ನು ಸೆಪ್ಟೆಂಬರ್‌ನಲ್ಲಿ ತೆಗೆದು ಸೀದಾ ಸ್ಟಾರ್ಟ್ ಮಾಡಬೇಡಿ. ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಇಳಿಸಿ ನೋಡಿ. ಕೆಳಗೆ ಬೇರೆ ಪದರ ಕಂಡರೆ ಪೂರ್ತಿ ಖಾಲಿ ಮಾಡಿ. ಹಳೆಯ ರಬ್ಬರ್ ಪೈಪ್, ಪೆಟ್ರೋಲ್ ಎಳೆಯುವ ಎಸಿ ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಘಾಟಿ ಹತ್ತುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಹಳೆಯ ಡ್ರೈವರುಗಳನ್ನು ನೋಡಿದ್ದೀರಲ್ಲ? ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗದಿರಲಿ ಅಂತ. ಬಿಸಿ ಎಲ್ಲಿ ಹೋಗುತ್ತದೆ ಅನ್ನುವ ಪ್ರಶ್ನೆಗೆ ಅದು ಅವರ ಉತ್ತರ, ಸರಿಯಾದ ಉತ್ತರವೇ.

ದೊಡ್ಡ ಎಂಜಿನ್ ಕೂರಿಸುವ ಬಗ್ಗೆಯೂ ಕೇಳುತ್ತೀರಿ. 1985ರಲ್ಲಿ ಬಂದ ಜಿಪ್ಸಿಗೆ 970 ಸಿಸಿ ಎಂಜಿನ್ ಇತ್ತು. ಕಂಪನಿಯೇ 1996ರಲ್ಲಿ 1,298 ಸಿಸಿ ಕೊಟ್ಟಿತು. ಮಾರುತಿ ಎಸ್ಟೀಮ್ ಕಾರಿನದೂ ಅದೇ ಕುಟುಂಬದ ಎಂಜಿನ್, ಹಾಗಾಗಿ ಹಳೆಯ ಜಿಪ್ಸಿಗೆ ಅದು ಸುಲಭವಾಗಿ ಒಗ್ಗುತ್ತದೆ. ಆದರೆ ರೇಡಿಯೇಟರ್ ಹಳೆಯದೇ ಇದ್ದರೆ ಮೊದಲ ಏರಿನಲ್ಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ. ಬ್ರೇಕೂ ಜೊತೆಗೆ ಬರಬೇಕು. ಎಂಜಿನ್ ಬದಲಿಸುವ ಮೊದಲು ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೇ ಇದೆ. ಇಲ್ಲದಿದ್ದರೆ ಅಪಘಾತವಾದ ದಿನ ಇನ್ಶೂರೆನ್ಸ್ ಕೈಕೊಡಬಹುದು. ಇನ್ನು 50 ವರ್ಷ ದಾಟಿದ ಕಾರನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸುವ ಮನಸ್ಸಿದ್ದರೆ ಎಂಜಿನ್, ಚಾಸಿಗೆ ಕೈಹಾಕಬೇಡಿ. ಆ ನೋಂದಣಿಯ ಕಾರು ದಿನನಿತ್ಯದ ಓಡಾಟಕ್ಕೂ ಸಲ್ಲುವುದಿಲ್ಲ. ಮನೆಯಲ್ಲಿ 1970ರ ಫಿಯೆಟ್ ಇದ್ದರೆ ಯಾವ ದಾರಿ ಅಂತ ಮೊದಲೇ ತೀರ್ಮಾನಿಸಿ.

ಸರಿ, ತಯಾರಾದ ಕಾರನ್ನು ಎಲ್ಲಿ ಓಡಿಸುವುದು? ನಮ್ಮ ರಸ್ತೆಗಳಲ್ಲಿ ಅಲ್ಲ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಸಂಜೆ ಐದರ ಹೊತ್ತಿಗೆ ತೋಟದ ಕೆಲಸ ಬಿಟ್ಟು ಹೆಂಗಸರು ರಸ್ತೆ ಅಂಚಿನಲ್ಲೇ ನಡೆದು ಬರುತ್ತಾರೆ. ಶಾಲೆ ಮಕ್ಕಳು ಬರುತ್ತಾರೆ. ತಿತಿಮತಿ ಕಡೆ ತಿರುವಿನಾಚೆ ಆನೆ ನಿಂತಿರಬಹುದು. 80ರಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲೆ ಕಾರು ಓಡಿಸುವ ಸ್ಪರ್ಧೆ, ನಡೆಯುತ್ತದೆ, ಅಲ್ಲಿಗೆ ಬನ್ನಿ. ಅಲ್ಲಿ ಸ್ಪೀಡ್ ಕಡಿಮೆ, ಕಲಿಕೆ ಜಾಸ್ತಿ. ಡಾಂಬರಿನ ಮೇಲೆ ಬೇಕಾದರೆ ಕೊಯಮತ್ತೂರಿನ ಕರಿ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಇದೆ.

ನಿಮ್ಮಲ್ಲಿ ಹೆಚ್ಚಿನವರ ಹಳೆಯ ಕಾರಿಗೆ ನಿಜವಾದ ವೇಗದ ಪರೀಕ್ಷೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಆಗುತ್ತದೆ. ಅಲ್ಲಿ ಕಾರಿಗೆ 100ರ ಮಿತಿ. ಪದ್ಮಿನಿಗೆ ಐದನೇ ಗೇರ್ ಇಲ್ಲ. 85ರಲ್ಲಿ ಹೋದರೂ ಎಂಜಿನ್ ಒಂದೂವರೆ ಗಂಟೆ ಬಿಡುವಿಲ್ಲದೆ ಜೋರಾಗಿ ತಿರುಗುತ್ತಿರುತ್ತದೆ. ಕೊಡಗಿನಲ್ಲಿ ಐದು ನಿಮಿಷಕ್ಕೊಂದು ತಿರುವು, ಎಂಜಿನ್ನಿಗೆ ಉಸಿರಾಡಲು ಜಾಗ. ಅಲ್ಲಿ ಅದಿಲ್ಲ. ಆಯಿಲ್ ಪ್ರೆಶರ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ನಂಬುವಂಥವು ಇರಲಿ. ಎಂಜಿನ್ ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರೆ ವಾಪಸ್ ಹಾಕಿಸಿ, ರೇಡಿಯೇಟರ್ ಒಳಗಿನ ಪಾಚಿ ತೆಗೆಸಿ. ಅರ್ಧ ದಾರಿಯಲ್ಲಿ ಇಳಿದು ಒಂದು ಕಾಫಿ ಕುಡಿಯಿರಿ, ಎಂಜಿನ್ನನ್ನು ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ.

ಡ್ರಮ್ ವಾಪಸ್ ಬಂತಾ? ಕೊಡಿ. ಕೊನೆಗೆ ಇದಕ್ಕೇ ಸೇರಿದ ಒಂದು ಕೆಲಸ ಹೇಳುತ್ತೇನೆ. ಮುಂದಿನ ಸಲ ಸಂಪಾಜೆ ಇಳಿದಾಗ ಕೆಳಗೆ ಜಾಗ ನೋಡಿ ನಿಲ್ಲಿಸಿ. ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ, ಸುಡುತ್ತದೆ, ಒಂದು ಗೇಣು ದೂರದಿಂದಲೇ ಕಾವು ಗೊತ್ತಾಗುತ್ತದೆ. ಮುಂದಿನ ಎರಡು ಹಿಂದಿನ ಎರಡಕ್ಕಿಂತ ಬಿಸಿ ಇರಬೇಕು. ಎಡ ಬಲ ಒಂದೇ ಥರ ಇರಬೇಕು. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಶೂ ವಾಪಸ್ ಬರುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅದು ಘಾಟಿ ಪೂರ್ತಿ ಸುಮ್ನೆ ಉರುಳಿಕೊಂಡು ಬಂದಿದೆ, ಅದರ ಪಾಲನ್ನು ಉಳಿದ ಮೂರು ಹೊತ್ತಿವೆ. ಆ ಚಕ್ರವನ್ನು ಬಿಚ್ಚಿಸಿ, ವೀಲ್ ಸಿಲಿಂಡರ್ ನೋಡಿದ ಮೇಲೆಯೇ ಘಾಟಿ ಹತ್ತಿ.