ಚಿಗರಿಯ ಕಾಲಲ್ಲಿ ಒಂದು ಇಲಿ

ಮೊದಲು ಈ ಹನ್ನೆರಡು ಸೆಕೆಂಡಿನ ಕ್ಲಿಪ್ ನೋಡಿ. ಸ್ಲೋ ಮೋಷನ್‌ನಲ್ಲಿದೆ. ಬೆಳಗ್ಗೆ ಆರೂವರೆ, ಧಾರವಾಡದ ನಮ್ಮ ಮನೆ ಮುಂದಿನ ರಸ್ತೆ. ನಡೆಯುತ್ತಿರುವವಳು ಚಿಗರಿ. ಹತ್ತು ವರ್ಷದ ಮುಧೋಳ ನಾಯಿ. ಅವಳ ಬಲ ಹಿಂಗಾಲನ್ನೇ ನೋಡುತ್ತಿರಿ. ಎಡಗಾಲು ಹಿಂದಕ್ಕೆ ಎಷ್ಟು ಚಾಚುತ್ತದೆ, ಬಲಗಾಲು ಎಷ್ಟು ಚಾಚುತ್ತದೆ? ಕಾಣಿಸಿತಾ?

ಇನ್ನೊಂದು ಸಲ ಹಾಕುತ್ತೇನೆ. ಬಲಗಾಲು ಪೂರ್ತಿ ಹಿಂದೆ ಹೋಗುವ ಮೊದಲೇ ಎತ್ತಿಬಿಡುತ್ತಾಳೆ. ಬರೀ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ನನಗೂ ಐದು ತಿಂಗಳು ಗೊತ್ತಾಗಲಿಲ್ಲ. ಆ ಐದು ತಿಂಗಳ ಕಥೆಯೇ ಇವತ್ತಿನ ವಿಡಿಯೋ.

ಹೆಸರಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಮೆಂಟ್ ತುಂಬಾ ಅದೇ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಓಡಾಡಲು ಶುರುವಾಗಿದ್ದು 2018ರಲ್ಲಿ. ಇವಳಿಗೆ ಹೆಸರಿಟ್ಟಿದ್ದು ಅದಕ್ಕಿಂತ ಮೊದಲು. ನಾವು ಬಸ್ಸಿನ ಹೆಸರು ನಾಯಿಗೆ ಇಟ್ಟಿಲ್ಲ. ಬಸ್ಸಿನವರೇ ನಮ್ಮ ನಾಯಿಯನ್ನು ನೋಡಿ ಇಟ್ಟಿರಬೇಕು ಅನ್ನುವುದು ಅಪ್ಪನ ವಾದ.

ಚಿಗರಿ ಅಂದರೆ ಜಿಂಕೆ. ಇವಳ ಓಟ ನೋಡಿದರೆ ಬೇರೆ ಹೆಸರು ಹೊಳೆಯುವುದೇ ಇಲ್ಲ. ಇದು ಎರಡು ವರ್ಷ ಹಿಂದಿನ ಕ್ಲಿಪ್, ಚಿಕ್ಕಪ್ಪನ ಹೊಲದಲ್ಲಿ ತೆಗೆದಿದ್ದು. ಇಲ್ಲಿ ನಿಲ್ಲಿಸುತ್ತೇನೆ. ನಾಲ್ಕೂ ಕಾಲು ಹೊಟ್ಟೆ ಕೆಳಗೆ ಮಡಚಿವೆ, ಒಂದೂ ನೆಲದ ಮೇಲಿಲ್ಲ. ಇನ್ನು ಸ್ವಲ್ಪ ಮುಂದೆ. ಈಗ ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿವೆ, ಮತ್ತೆ ಒಂದೂ ನೆಲದ ಮೇಲಿಲ್ಲ. ಮುಧೋಳ, ಗ್ರೇಹೌಂಡ್ ತರಹದ ಬೇಟೆ ನಾಯಿಗಳು ಹೀಗೇ ಓಡುತ್ತವೆ. ಒಂದೊಂದು ನೆಗೆತಕ್ಕೆ ಎರಡು ಸಲ ಗಾಳಿಯಲ್ಲಿ ಇರುತ್ತವೆ. ಬೆನ್ನು ಬಿಲ್ಲಿನ ಹಾಗೆ ಬಾಗಿ, ಬಿಚ್ಚಿಕೊಳ್ಳುತ್ತದೆ. ನೋಡಲು ಚೆಂದ. ಆದರೆ ಆ ಬಿಲ್ಲಿನ ಹೆದೆ ಎಲ್ಲಿದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಹೋದ ಸೆಪ್ಟೆಂಬರ್. ಎರಡು ದಿನ ಮಳೆ ಬಂದು ಬಿಟ್ಟಿತ್ತು. ಎರೆ ಮಣ್ಣಿನ ಹೊಲ ಗೊತ್ತಿರುವವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮೇಲೆ ಬೆಣ್ಣೆ, ಕೆಳಗೆ ಅಂಟು. ಒಂದು ಕಾಲು ಜಾರಿದರೆ ಇನ್ನೊಂದು ಹೂತುಕೊಳ್ಳುತ್ತದೆ. ಬದುವಿನ ಹತ್ತಿರ ಏನೋ ಅಲ್ಲಾಡಿತು. ಮೊಲವೋ, ಮುಂಗುಸಿಯೋ. ನಾನು "ಚಿಗರೀ" ಅನ್ನುವಷ್ಟರಲ್ಲಿ ಅವಳು ಅರ್ಧ ಹೊಲ ದಾಟಿದ್ದಳು. ತಿರುಗುವಾಗ ಹಿಂಗಾಲು ಅಗಲವಾಗಿ ಜಾರಿತು. ಕೂಗಲೂ ಇಲ್ಲ. ಎದ್ದು, ಮೈ ಕೊಡವಿ, ಕುಂಟುತ್ತಾ ಬಂದಳು.

ಆಸ್ಪತ್ರೆಗೆ ಹೋದೆವು. ಎಕ್ಸ್-ರೇ ಬೇಡ, ಸ್ನಾಯು ಹಿಡಿದುಕೊಂಡಿದೆ, ವಯಸ್ಸೂ ಆಯಿತಲ್ಲ ಅಂದರು. ಐದು ದಿನಕ್ಕೆ ನೋವಿನ ಔಷಧಿ, ವಿಶ್ರಾಂತಿ. ಔಷಧಿ ಕೊಟ್ಟೆ. ಮೂರನೇ ದಿನ ಕುಂಟುವುದು ನಿಂತಿತು. ಆರನೇ ದಿನ ಬಾಲ ಅಲ್ಲಾಡಿಸುತ್ತಾ ಗೇಟಿನ ಹತ್ತಿರ ನಿಂತಳು. ಏಳನೇ ದಿನ ನಾನು ಹೊಲಕ್ಕೆ ಕರೆದುಕೊಂಡು ಹೋದೆ.

ತಪ್ಪು ನಡೆದಿದ್ದು ಇಲ್ಲೇ. ಮಾಡಿದವಳು ನಾನೇ.

ನವೆಂಬರ್‌ನಲ್ಲಿ ಮತ್ತೆ ಅದೇ ಕಾಲು. ಅದೇ ಐದು ದಿನದ ಔಷಧಿ, ಅದೇ ಖುಷಿ. ಈ ಸಲ ಓಣಿಯವರೆಲ್ಲ ವೈದ್ಯರಾದರು. ಪಕ್ಕದ ಮನೆ ಕಾಕಾ ತಮ್ಮ ಮಂಡಿ ನೋವಿನ ಗುಳಿಗೆ ತಂದು, "ಅರ್ಧಾ ಕೊಡವಾ, ನನಗ ಭಾಳ ಛಲೋ ಆಗೇತಿ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ದಯವಿಟ್ಟು ಇದೊಂದು ಮಾತು ಕೇಳಿ. ಮನುಷ್ಯರ ನೋವಿನ ಗುಳಿಗೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದೇ ನಮ್ಮ ದೇಶದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತಿದ್ದು. ಅದಕ್ಕೇ 2006ರಲ್ಲಿ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಿದರು. ಮುಲಾಮು ಹಚ್ಚುವುದೂ ಬೇಡ. ಹಚ್ಚಿದ ಐದು ನಿಮಿಷಕ್ಕೆ ನಾಯಿ ಅದನ್ನು ನೆಕ್ಕುತ್ತದೆ, ಮುಗಿಯಿತು. ಕಾಕಾನಿಗೆ ಚಹಾ ಕೊಟ್ಟು, ಗುಳಿಗೆ ವಾಪಸ್ ಕೊಟ್ಟೆ.

ಜನವರಿಯಲ್ಲಿ ಮೂರನೇ ಸಲ. ಕಡಲೆ ಹೊಲದ ಬದುವಿನಿಂದ ಒಂದೇ ಒಂದು ಜಿಗಿತ. ಈ ಸಲ ಅವಳು ಮೆಟ್ಟಿಲ ಕೆಳಗೆ ನಿಂತು ನನ್ನ ಮುಖ ನೋಡಿದಳು. ಹತ್ತು ವರ್ಷದಲ್ಲಿ ಅವಳು ಮೆಟ್ಟಿಲು ನೋಡಿ ನಿಂತಿದ್ದೇ ಇಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಕಾಲನ್ನಲ್ಲ, ಫೋನನ್ನು. "ಮನೆಯಲ್ಲಿ ನಡೆಯೋ ವಿಡಿಯೋ ಇದ್ರೆ ತೋರಿಸ್ರಿ. ಇಲ್ಲಿ ಬಂದ ಮ್ಯಾಲೆ ಹೆದರಿಕೆಗೆ ಎಲ್ಲಾ ನಾಯಿ ಸರಿಯಾಗೇ ನಡೀತಾವ." ನೋಡಿ, ವ್ಲಾಗ್ ಮಾಡುವುದರಿಂದ ಏನು ಉಪಯೋಗ ಅಂತ ಅವ್ವ ಯಾವಾಗಲೂ ಕೇಳುತ್ತಿದ್ದಳು. ಅವತ್ತು ಉತ್ತರ ಸಿಕ್ಕಿತು.

ವಿಡಿಯೋ ನೋಡಿದ ಮೇಲೆ ಚಿಗರಿಯನ್ನು ಒಂದು ಮಗ್ಗುಲಿಗೆ ಮಲಗಿಸಿದರು. ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಸ್ವಲ್ಪ ಒಳಕ್ಕೆ ತಿರುಗಿಸಿದರು. ಚಿಗರಿ ಕೂಗಲಿಲ್ಲ, ಕಚ್ಚಲಿಲ್ಲ. ತಲೆ ತಿರುಗಿಸಿ ಡಾಕ್ಟರ್ ಕೈಯನ್ನೇ ನೋಡಿದಳು, ತುಟಿ ನೆಕ್ಕಿಕೊಂಡಳು. "ಇಷ್ಟೇ ನೋಡ್ರಿ ಇವರ ಭಾಷೆ" ಅಂದರು ಡಾಕ್ಟರ್. ಸ್ಕ್ಯಾನ್ ಮಾಡಿದರು. ಸ್ನಾಯು ಹರಿದಿದ್ದು ಎಕ್ಸ್-ರೇನಲ್ಲಿ ಕಾಣುವುದಿಲ್ಲವಂತೆ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಆದರೂ ಎಕ್ಸ್-ರೇ ತೆಗೆದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೋವಿದ್ದ ಸ್ನಾಯುವಿನ ಹೆಸರು ಇಲಿಯೋಪ್ಸೋಸ್. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಇಲಿ ಎಲ್ಲಿಂದ ಬಂತವಾ?" ಅಂದರು. ಡಾಕ್ಟರ್ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಇಲಿ. "ಇವತ್ತು ಇಲಿ ಹೆಂಗೈತಿ?" ಅಂತ ಫೋನಿನಲ್ಲಿ ಕೇಳಿದರೆ ಅಪರಿಚಿತರು ಗಾಬರಿಯಾಗುತ್ತಾರೆ.

ಈ ಇಲಿ ಸೊಂಟದ ಬೆನ್ನುಮೂಳೆಯ ಒಳಬದಿಯಿಂದ ಹೊರಟು, ತೊಡೆಮೂಳೆಯ ಒಳಮಗ್ಗುಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಹಿಂಗಾಲನ್ನು ಮುಂದಕ್ಕೆ ಎತ್ತುವುದೇ ಅದರ ಕೆಲಸ. ಆಗ ಹೇಳಿದೆನಲ್ಲ, ಬಿಲ್ಲಿನ ಹೆದೆ? ಇದೇ. ಕಾಲು ಪೂರ್ತಿ ಹಿಂದೆ ಚಾಚಿದಾಗ ಇದು ಬಿಗಿಯಾಗುತ್ತದೆ. ಕಾಲು ಹೊರಕ್ಕೆ ಜಾರಿದರೆ ಇನ್ನೂ ಬಿಗಿಯಾಗಿ, ಮೂಳೆಗೆ ಅಂಟುವ ಜಾಗದಲ್ಲಿ ಎಳೆಎಳೆಯಾಗಿ ಹರಿಯುತ್ತದೆ. ಒಳಗಿರುವ ಸ್ನಾಯು. ಮೇಲಿಂದ ಊತ ಕಾಣುವುದಿಲ್ಲ, ಗಾಯ ಕಾಣುವುದಿಲ್ಲ.

ಮತ್ತೆ ಮತ್ತೆ ಯಾಕೆ ಬಂತು? ಡಾಕ್ಟರ್ ಎರಡು ಕಾರಣ ಹೇಳಿದರು. ಮೊದಲನೆಯದು ನನ್ನ ಏಳನೇ ದಿನ. ಔಷಧಿ ನೋವನ್ನು ಮೂರು ದಿನದಲ್ಲಿ ಇಳಿಸುತ್ತದೆ. ಹರಿದ ಸ್ನಾಯು ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ನಡುವಿನ ದಿನಗಳಲ್ಲಿ ನಾಯಿಗೆ ನೋವಿಲ್ಲ, ಕಾಲಿಗೆ ಬಲವಿಲ್ಲ. ಅದಕ್ಕೆ ಅದು ಗೊತ್ತೂ ಇಲ್ಲ. ಮುಧೋಳ ನಾಯಿಗಂತೂ ಕಣ್ಣಿಗೆ ಏನಾದರೂ ಓಡಿದ್ದು ಬಿದ್ದರೆ ಸಾಕು, ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. ಎರಡನೆಯದು ಆ ಎಕ್ಸ್-ರೇಯಲ್ಲಿ ಸಿಕ್ಕಿತು. ಬಲ ಸೊಂಟದ ಕೀಲಿನಲ್ಲಿ ಸಣ್ಣ ಸವೆತ. ಕೀಲು ನೋಯುತ್ತದೆ ಅಂತ ಸುತ್ತಲಿನ ಸ್ನಾಯು ಯಾವಾಗಲೂ ಬಿಗಿ ಹಿಡಿದುಕೊಂಡಿರುತ್ತದೆ. ಬಿಗಿಯಾದ ಸ್ನಾಯು ಸುಲಭವಾಗಿ ಹರಿಯುತ್ತದೆ. ಅಂದರೆ "ಇದು ವಯಸ್ಸು" ಅಂದವರು ಪೂರ್ತಿ ತಪ್ಪಲ್ಲ. ಆದರೆ ವಯಸ್ಸು ಅಂದುಬಿಟ್ಟರೆ ಮುಂದೆ ಯಾರೂ ಹುಡುಕುವುದಿಲ್ಲ, ಅಲ್ವಾ?

ರಕ್ತ ಪರೀಕ್ಷೆ ಮಾಡಿ, ಕಿಡ್ನಿ, ಲಿವರ್ ಸರಿ ಇದೆ ಅಂತ ನೋಡಿಕೊಂಡ ಮೇಲೆಯೇ ಔಷಧಿ ಬರೆದರು. ವಾಂತಿ, ಕಪ್ಪು ಮಲ, ಊಟ ಬಿಡುವುದು, ಇದರಲ್ಲಿ ಒಂದಾದರೂ ಕಂಡರೆ ಔಷಧಿ ನಿಲ್ಲಿಸಿ ಫೋನ್ ಮಾಡಬೇಕು. ನಮಗೆ ಆ ಪ್ರಸಂಗ ಬರಲಿಲ್ಲ.

ಮೊದಲ ಎರಡು ವಾರ ಸೆರೆವಾಸ. ಅವಳಿಗಲ್ಲ, ನನಗೆ. ಹಗ್ಗ ಇಲ್ಲದೆ ಅಂಗಳಕ್ಕೂ ಬಿಡುವ ಹಾಗಿಲ್ಲ. ದಿನಕ್ಕೆ ಮೂರು ಸಲ, ಐದೈದು ನಿಮಿಷ, ನಿಧಾನ ನಡಿಗೆ. ಮೊದಲ ಎರಡು ಮೂರು ದಿನ ತೊಡೆಯ ಒಳಮೂಲೆಗೆ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ. ಆಮೇಲೆ ಬಿಸಿ ಕಾವು, ಕೈಗೆ ಹಿತ ಅನ್ನಿಸುವಷ್ಟೇ ಬಿಸಿ. ಐಸ್ ಇಟ್ಟಾಗ ಎದ್ದು ಹೋಗುತ್ತಿದ್ದವಳು ಕಾವು ಕೊಟ್ಟಾಗ ಗೊರಕೆ ಹೊಡೆದಳು. ಈ ಕ್ಲಿಪ್‌ನಲ್ಲಿ ಕೇಳಿಸುತ್ತಿರುವುದು ಅದೇ, ಮಿಕ್ಸಿ ಅಲ್ಲ.

ಇನ್ನು ನೆಲ. ನಮ್ಮ ಹಳೆ ಮನೆಯಲ್ಲಿ ಶಹಾಬಾದ್ ಕಲ್ಲು ಇತ್ತು. ಎರಡು ವರ್ಷದ ಹಿಂದೆ ಕನ್ನಡಿಯಂತಹ ಟೈಲ್ಸ್ ಹಾಕಿಸಿದೆವು. ಬಂದವರೆಲ್ಲ ಹೊಗಳಿದರು, ಚಿಗರಿ ಒಬ್ಬಳು ಜಾರಿದಳು. ದಿನಕ್ಕೆ ಹತ್ತು ಸಲ ಸಣ್ಣದಾಗಿ ಜಾರಿದರೂ ಅದೇ ಸ್ನಾಯುವಿಗೆ ಎಳೆತ. ಅವ್ವ ಕೌದಿ ಹಾಸಿದಳು. ಚಿಗರಿ ಕೌದಿ ಸಮೇತ ಜಾರಿದಳು. ಬಣ್ಣಬಣ್ಣದ ಮ್ಯಾಟ್ ಆನ್‌ಲೈನ್‌ನಲ್ಲಿ ನೋಡಿದೆ, ಬೆಲೆ ಕೇಳಿ ಸುಮ್ನೆ ಫೋನ್ ಕೆಳಗಿಟ್ಟೆ. ಕೊನೆಗೆ ಚಿಕ್ಕಪ್ಪ ತಂದುಕೊಟ್ಟಿದ್ದು ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್. ಕಪ್ಪಗೆ, ದಪ್ಪಗೆ, ಚೂರೂ ಚೆಂದವಿಲ್ಲ. ಹಾಲ್‌ನಿಂದ ಅಡುಗೆಮನೆವರೆಗೆ ದಾರಿ ಹಾಕಿದ್ದೇವೆ. ಅವಳೂ ಅದರ ಮೇಲೇ ನಡೆಯುತ್ತಾಳೆ, ರೈಲಿನ ಹಾಗೆ. ಉಗುರನ್ನೂ ಚಿಕ್ಕದಾಗಿ ಇಟ್ಟುಕೊಳ್ಳುತ್ತೇವೆ. ಉದ್ದ ಉಗುರಿದ್ದರೆ ಪಾದ ನೆಲವನ್ನು ಹಿಡಿಯುವುದಿಲ್ಲ.

ತೂಕ 25 ಕೆಜಿ ಆಗಿತ್ತು. ಎರಡು ಕೆಜಿ ಇಳಿಸಿ ಅಂದರು. ಈಗ 23 ಇದ್ದಾಳೆ, ಪಕ್ಕೆಲುಬು ಸ್ವಲ್ಪ ಕಾಣುತ್ತದೆ. ಮುಧೋಳ ನಾಯಿ ಇರಬೇಕಾದ್ದೇ ಹಾಗೆ. ಆದರೂ ದಾರಿಯಲ್ಲಿ ಹೋಗುವವರು "ಯವ್ವಾ, ನಾಯಿಗೆ ಊಟಾ ಹಾಕಂಗಿಲ್ಲೇನು?" ಅಂತ ಕೇಳದೆ ಬಿಡುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಸ್ಟಾಂಪ್ ತಂದಿತ್ತು. ಅದರ ಚಿತ್ರ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ತೋರಿಸಿ, "ಇದೂ ಹಿಂಗೇ ಐತ್ರಿ ಅಕ್ಕಾರ" ಅನ್ನುತ್ತೇನೆ.

ಮೂರನೇ ವಾರದಿಂದ ವ್ಯಾಯಾಮ. ನನಗೆ ಇಷ್ಟವಾದ ಭಾಗ ಇದು. ನೆಲದ ಮೇಲೆ ಅಡ್ಡಡ್ಡ ಬಿದ್ದಿರುವುದು ಜೋಳದ ದಂಟು. ದೊಡ್ಡ ಊರುಗಳಲ್ಲಿ ಇದಕ್ಕೆ ಪ್ಲಾಸ್ಟಿಕ್ ಕೋಲು, ನೀರಿನೊಳಗೆ ನಡೆಸುವ ಟ್ರೆಡ್‌ಮಿಲ್ ಎಲ್ಲ ಇರುತ್ತವೆ. ನಮಗೆ ದಂಟು ಸಾಕಾಯಿತು. ಆರು ದಂಟು, ಒಂದೊಂದರ ನಡುವೆ ಅವಳ ಒಂದು ಹೆಜ್ಜೆಯಷ್ಟು ಜಾಗ. ನಿಧಾನವಾಗಿ ದಾಟಬೇಕು. ಆಗ ಪ್ರತಿ ಕಾಲನ್ನೂ ಬೇಕಂತಲೇ ಎತ್ತುತ್ತಾಳೆ. ಇಲಿಗೆ ಜೋರಿಲ್ಲದ ಕೆಲಸ ಸಿಗುತ್ತದೆ. ಆಚೆ ತುದಿಯಲ್ಲಿ ಖಟಕ್ ರೊಟ್ಟಿಯ ಚೂರು. ಮೊದಲ ದಿನ ಅವಳು ನಾಲ್ಕು ದಂಟು ದಾಟಿ, ಐದನೆಯದನ್ನು ಬಾಯಲ್ಲಿ ಎತ್ತಿಕೊಂಡು ಹೋದಳು. ಕೂತು ಏಳುವುದು ಐದು ಸಲ. ಅದೂ ನೇರವಾಗಿ. ಕಾಲು ಒಂದು ಪಕ್ಕಕ್ಕೆ ಚೆಲ್ಲಿ ಕೂತರೆ ಲೆಕ್ಕಕ್ಕಿಲ್ಲ.

ನಡಿಗೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತಾ ಬಂದೆ. ಒಂದು ಸಲ, ಆರನೇ ವಾರ, ಆಸೆಗೆ ಬಿದ್ದು ಒಮ್ಮೆಗೇ ಹದಿನೈದು ನಿಮಿಷ ಹೆಚ್ಚು ಮಾಡಿದೆ. ಮರುದಿನ ಬೆಳಗ್ಗೆ ತೊಡೆಯ ಒಳಭಾಗ ನೆಕ್ಕುತ್ತಾ ಕೂತಿದ್ದಳು. ಮತ್ತೆ ಒಂದು ವಾರ ಹಿಂದಕ್ಕೆ. ಈಗ ನಾನು ನಡಿಗೆ ಮುಗಿದಾಗ ನೋಡುವುದಿಲ್ಲ, ಮರುದಿನ ಬೆಳಗ್ಗೆ ನೋಡುತ್ತೇನೆ. ಎದ್ದ ಮೊದಲ ಹತ್ತು ಹೆಜ್ಜೆ ನಿಜ ಹೇಳುತ್ತವೆ. ಶುರುವಿನಲ್ಲಿ ತೋರಿಸಿದ ಬೆಳಗಿನ ಕ್ಲಿಪ್ ಅದಕ್ಕೇ.

ಚೆಂಡು ಎಸೆಯುವುದು ನಿಂತಿದೆ. ಅದಕ್ಕೆ ಅವಳಿಗಿಂತ ಜಾಸ್ತಿ ಬೇಜಾರಾಗಿದ್ದು ಅಪ್ಪನಿಗೆ. ಈಗ ಅವರು ಸಂಜೆ ಹಿತ್ತಲಲ್ಲಿ ಹೂವಿನ ಕುಂಡಗಳ ಹಿಂದೆ ರೊಟ್ಟಿ ಚೂರು ಬಚ್ಚಿಡುತ್ತಾರೆ. ಇವಳು ಕಣ್ಣಿನಿಂದ ಬೇಟೆಯಾಡುವ ಜಾತಿ, ಮೂಗಿಗೆ ಕೆಲಸ ಕೊಟ್ಟರೆ ಮಾಡುತ್ತಾಳಾ ಅಂತ ನನಗೆ ಅನುಮಾನವಿತ್ತು. ನೋಡಿ, ಇಪ್ಪತ್ತು ನಿಮಿಷ ಹುಡುಕಿ, ಸುಸ್ತಾಗಿ ಮಲಗಿದ್ದಾಳೆ. ಅವಳು ಬಿಟ್ಟ ಚೂರುಗಳಿಗೆ ಇರುವೆ ಬಂದಿವೆ, ಅದು ಬೇರೆ ವಿಷಯ.

ಮುಂದೆ ಎಂದಾದರೂ ಓಡುತ್ತಾಳಾ? ಓಡಲಿ ಅಂತಲೇ ಇಷ್ಟೆಲ್ಲ. ಆದರೆ ಒಣಗಿದ ನೆಲದಲ್ಲಿ, ಹತ್ತು ನಿಮಿಷ ನಡೆದು ಮೈ ಬಿಸಿಯಾದ ಮೇಲೆ. ಮಳೆಯಾದ ಎರೆ ಹೊಲಕ್ಕೆ ಇನ್ನು ಇಲ್ಲ. ಡಾಕ್ಟರ್ ಒಂದು ಅಳತೆಯನ್ನೂ ಕೊಟ್ಟಿದ್ದಾರೆ. ಎರಡೂ ತೊಡೆ ಸಮ ಆಗುವವರೆಗೆ ಹಗ್ಗ ಬಿಚ್ಚಬೇಡಿ ಅಂದಿದ್ದಾರೆ. ಬಳಸದ ಕಾಲು ಸೊರಗುತ್ತದೆ. ಜನವರಿಯಲ್ಲಿ ಎಡ ತೊಡೆ 32 ಸೆಂಟಿಮೀಟರ್, ಬಲ ತೊಡೆ 30.

ಇದು ಈ ಭಾನುವಾರದ್ದು, ಹನ್ನೊಂದನೇ ವಾರ. ಅವ್ವನ ಹೊಲಿಗೆ ಡಬ್ಬಿಯ ಟೇಪು. ಚಿಗರಿ ನಿಂತೇ ನಿದ್ದೆ ಮಾಡುವವಳ ಹಾಗೆ ನಟಿಸುತ್ತಿದ್ದಾಳೆ. ಅಪ್ಪ ರೊಟ್ಟಿ ಹಿಡಿದಿದ್ದಾರೆ. ಎಡ, 32. ಬಲ... ಕ್ಯಾಮೆರಾ ಅಲ್ಲಾಡಿದೆ, ಕ್ಷಮಿಸಿ. ಬಲ, 31 ಮತ್ತೆ ಅರ್ಧ.

ಹಿಂದೆ ಕೇಳುತ್ತಿರುವುದು ಅವ್ವನ ದನಿ. ಟೇಪು ವಾಪಸ್ ಕೇಳುತ್ತಿದ್ದಾಳೆ, ಯಾರದೋ ಕುಪ್ಪಸ ಅರ್ಧಕ್ಕೇ ನಿಂತಿದೆಯಂತೆ. ನಮ್ಮದೂ ಅರ್ಧ ಸೆಂಟಿಮೀಟರ್ ಬಾಕಿ ಇದೆ, ತಡಿ ಅಂದೆ.