‘ಆರಾಮ ಅದಾನ್ರಿ’ ಅನ್ನುವ ಮುಂಚೆ

ಎಲ್ಲರಿಗೂ ಶರಣು. ಬಾಗಲಕೋಟೆಯ ಈ ಸಭೆಗೆ ಕೂಸುಗಳನ್ನು ಎತ್ತಿಕೊಂಡು ದೂರದೂರದಿಂದ ಬಂದಿದ್ದೀರಿ. ಅತ್ತರೆ ಅಳಲಿ, ಯಾರೂ ಎದ್ದು ಹೊರಗೆ ಹೋಗಬೇಡಿ. ನನ್ನ ಮಗನೂ ಇಲ್ಲೇ ಮುಂದೆ ಅವರಪ್ಪನ ತೊಡೆಮೇಲೆ ಇದ್ದಾನೆ.

ನಾವು ಇಳಕಲ್ಲಿನವರು, ಮನೆಯಲ್ಲಿ ಮಗ್ಗ ಇದೆ. ಮಗ ಏಳು ತಿಂಗಳಿಗೇ ಹುಟ್ಟಿದ, ಈಗ ಆರು ವರ್ಷ. ಫಿಟ್ಸ್ ಇದೆ, ಕಾಲು ಬಿಗಿ ಹಿಡಿಯುತ್ತವೆ, ಕಣ್ಣು ಮಂದ, ನೀರು ಕುಡಿದರೆ ನೆತ್ತಿಗೇರುತ್ತದೆ. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು. ಹುಬ್ಬಳ್ಳಿಗೆ ಹೋಗುವ ದಿನ ನಸುಕಿನಲ್ಲೇ ಎದ್ದು, ನಮಗೆ ರೊಟ್ಟಿ ಬುತ್ತಿ, ಅವನಿಗೆ ಮೆತ್ತಗಿನ ಅನ್ನ ಕಟ್ಟಿಕೊಂಡು ಬಸ್ ಹಿಡಿಯುತ್ತೇವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದೊಂದು ಹಗುರವಾಗಿದೆ. ಮಗ್ಗ ನಿಂತ ದಿನದ ಕೂಲಿ ಮಾತ್ರ ಹೋದದ್ದು ಹೋಯಿತು. ಇಷ್ಟೆಲ್ಲ ಮಾಡಿ, ಪಾಳಿ ಕಾದು ಒಳಗೆ ಹೋದರೆ ಸಿಗುವುದು ಹತ್ತು ನಿಮಿಷ.

ಮೂರು ವರ್ಷದ ಹಿಂದೆ ಅಂಥದೇ ಹತ್ತು ನಿಮಿಷ. ಡಾಕ್ಟರು ಕೇಳಿದರು, ‘ಹೆಂಗದಾನವಾ?’ ನಾನಂದೆ, ‘ಆರಾಮ ಅದಾನ್ರಿ.’

ಆ ವಾರ ಅವನಿಗೆ ಮೂರು ಸಲ ಫಿಟ್ಸ್ ಬಂದಿತ್ತು. ಆದರೂ ಬಾಯಿಂದ ಬಂದದ್ದು ಅದೇ ಮಾತು. ನಮ್ಮ ಸೀಮೆಯಲ್ಲಿ ಯಾರು ಕೇಳಿದರೂ ಆರಾಮ ಅನ್ನುವುದು ಮರ್ಯಾದೆ. ಎದುರಿಗಿದ್ದವರು ದೊಡ್ಡವರು, ಹೊರಗೆ ಇನ್ನೂ ಎಷ್ಟೋ ಮಂದಿ ಕಾದಿದ್ದಾರೆ, ನಮ್ಮದೇನು ಹೆಚ್ಚು ಅಂತ ನಾಲಿಗೆ ಹಿಂಜರಿಯುತ್ತದೆ. ಡಾಕ್ಟರು ಹಳೆಯ ಔಷಧವನ್ನೇ ಮುಂದುವರಿಸಿದರು. ಫಿಟ್ಸ್ ಔಷಧ ಕೂಸಿನ ತೂಕದ ಮೇಲೆ ಲೆಕ್ಕ. ಮಗ ಬೆಳೆದಿದ್ದ, ಔಷಧ ಅಲ್ಲೇ ಇತ್ತು.

ತಿಂಗಳೊಳಗೆ ಒಂದು ರಾತ್ರಿ ಫಿಟ್ಸ್ ಬಂದದ್ದು ನಿಲ್ಲಲೇ ಇಲ್ಲ. ಓಣಿಯವರು ಓಡಿ ಬಂದರು. ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಒಬ್ಬರು ಕೈಯಲ್ಲಿ ಕೀಲಿ ಇಟ್ಟರು, ಒಬ್ಬರು ಹಲ್ಲಿನ ನಡುವೆ ಚಮಚ ತುರುಕಲು ಬಂದರು. ಎಲ್ಲರದೂ ಪ್ರೀತಿಯೇ. ಆದರೆ ಇದ್ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ, ಚಮಚದಿಂದ ಹಲ್ಲು ಮುರಿಯುತ್ತದೆ. ಕೂಸನ್ನು ಮಗ್ಗುಲಾಗಿ ಮಲಗಿಸಿ. ಬಾಯಲ್ಲಿ ಏನನ್ನೂ ಹಾಕಬೇಡಿ, ನೀರನ್ನೂ. ಕೈಕಾಲು ಅಮುಕಿ ಹಿಡಿಯಬೇಡಿ. ಗಡಿಯಾರ ನೋಡಿ. ಡಾಕ್ಟರು ಫಿಟ್ಸ್ ನಿಲ್ಲಿಸುವ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಹೊಡೆಯಿರಿ. 5 ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು, ಫಿಟ್ಸ್ ನಿಂತಿವೆ ಅಂತ ನೀವಾಗಿಯೇ ಔಷಧ ಬಿಡಬೇಡಿ. ತಟ್ಟನೆ ಬಿಟ್ಟರೆ ಅವು ಮೊದಲಿಗಿಂತ ಜೋರಾಗಿ ಬರಬಹುದು.

ಅಂದಿನಿಂದ ನಾನು ವಹಿ ಇಟ್ಟೆ. ಇದೇ ನೋಡ್ರಿ, ನೂರು ಪುಟದ್ದು, ಮೇಲೆಲ್ಲ ಗಂಜಿಯ ಕಲೆ. ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ, ಯಾವ ಕಡೆಯ ಕೈ ಮೊದಲು ಜಗ್ಗಿತು, ಆಗ ಜ್ವರ ಇತ್ತೋ ಇಲ್ಲವೋ. ಮನೆಯವರು ಫೋನಿನಲ್ಲಿ ವಿಡಿಯೋ ಹಿಡಿಯುತ್ತಾರೆ. ‘ಮಗು ಒದ್ದಾಡುವಾಗ ಫಿಲ್ಮು ತಗೀತೀರೇನು’ ಅಂತ ನಮ್ಮ ಅತ್ತೆ ಅತ್ತುಬಿಟ್ಟಿದ್ದರು. ಅದೇ ಅರ್ಧ ನಿಮಿಷದ ವಿಡಿಯೋ ನೋಡಿ ಡಾಕ್ಟರು ಔಷಧ ಬದಲಿಸಿದರು. ಬಾಯಿಮಾತಿನಲ್ಲಿ ನಾನು ಅದನ್ನು ಹೇಳಲು ಆಗುತ್ತಿರಲಿಲ್ಲ.

ಔಷಧದ ಪುಟ ಬೇರೆ. ‘ಒಂದು ಚಮಚ’ ಅಂತ ಬರೆಯಬೇಡಿ, ಯಾವ ಚಮಚ? ನಮ್ಮ ಸಿರಪ್ಪಿನ ಬಾಟಲಿ ಮೇಲೆ 5 ಎಂಎಲ್‌ಗೆ 200 ಎಂಜಿ ಅಂತ ಇದೆ, ಅದನ್ನು ಹಾಗೇ ಇಳಿಸಿಕೊಂಡಿದ್ದೇನೆ. ಕೊಡುವುದು ಸೂಜಿ ಇಲ್ಲದ ಸಿರಿಂಜಿನಲ್ಲಿ. ಇದನ್ನು ಕಲಿತದ್ದೂ ಸುಮ್ಮನೆ ಅಲ್ಲ. ಒಂದು ಕಡೆ ಕೊಟ್ಟ ಔಷಧವನ್ನೇ ಇನ್ನೊಂದು ಕಡೆ ಬೇರೆ ಕಂಪನಿ ಹೆಸರಿನಲ್ಲಿ ಬರೆದುಕೊಟ್ಟರು. ಹಳೆಯದು ಮನೆಯಲ್ಲಿದೆಯೇ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂಬತ್ತು ದಿನ ಎರಡೂ ಕುಡಿಸಿದೆ. ಕೂಸು ಕಣ್ಣೇ ತೆರೆಯದೆ ಮಲಗಿತ್ತು. ಎರಡೂ ಬಾಟಲಿಯ ಸಣ್ಣ ಅಕ್ಷರ ಓದಿ ಹೇಳಿದವರು ನಮ್ಮೂರ ಔಷಧಂಗಡಿಯವರು. ಅವರ ಉಪಕಾರ ನಾನು ಮರೆಯುವುದಿಲ್ಲ.

ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿ ತಪ್ಪಿದರೆ ಸೆರಗು ನಿಲ್ಲುವುದಿಲ್ಲ. ನರದ ಡಾಕ್ಟರು ಕಣ್ಣಿನ ಡಾಕ್ಟರನ್ನು ಕಂಡಿಲ್ಲ. ಅವರಿಬ್ಬರ ನಡುವೆ ಕೊಂಡಿ ಹಾಕುವುದು ನಮ್ಮ ಈ ವಹಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಅಂಗನವಾಡಿಗೆ, ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಬಾಲ ಸ್ವಾಸ್ಥ್ಯದ ತಂಡ 18 ವರ್ಷದವರೆಗಿನವರನ್ನು ನೋಡುತ್ತದೆ. ಅವರನ್ನು ತಪ್ಪಿಸಿಕೊಳ್ಳಬೇಡಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇದ್ದವರಿಗೆ ನಿರಾಮಯ ಅನ್ನುವ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ಥೆರಪಿಯ ಖರ್ಚಿಗೂ ಬರುತ್ತದೆ.

ಗಂಡಸರಿಗೆ ಒಂದು ಮಾತು. ನೀವು ಹೊರಗೆ ಚಹಾದಂಗಡಿಯಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ. ಕೂಸು ರಚ್ಚೆ ಹಿಡಿದಾಗ ಒಬ್ಬಳೇ ಅದನ್ನು ಸಂಭಾಳಿಸುತ್ತ, ಡಾಕ್ಟರ ಮಾತನ್ನೂ ಕೇಳಿಸಿಕೊಳ್ಳಲು ಯಾವ ತಾಯಿಗೂ ಆಗುವುದಿಲ್ಲ.

ಹೋದ ತಿಂಗಳು ಹೋದಾಗ ಡಾಕ್ಟರು ನನ್ನನ್ನು ಕೇಳಲಿಲ್ಲ, ಬಗ್ಗಿ ಮಗನನ್ನೇ ಕೇಳಿದರು, ‘ಹೆಂಗದಿಯೋ?’ ಅವನಿಗೆ ಮಾತು ಕಡಿಮೆ. ಸ್ವಲ್ಪ ಹೊತ್ತು ಅವರ ಮುಖ ನೋಡಿದ. ಆಮೇಲೆ ಕೈ ಇಳಿಸಿ, ಬಿಗಿ ಹಿಡಿಯುವ ಕಾಲಿಗೆ ಹಾಕುವ ಪಟ್ಟಿಬೂಟು, ಬಲಗಾಲಿನದು, ಮುಟ್ಟಿ, ‘ಉರಿ’ ಅಂದ. ಬಿಚ್ಚಿ ನೋಡಿದರೆ ಹಿಮ್ಮಡದಲ್ಲಿ ರೂಪಾಯಿಯಷ್ಟು ಅಗಲದ ಹುಣ್ಣು. ನನ್ನ ವಹಿಯಲ್ಲಿ ಅದು ಇರಲಿಲ್ಲ.