ಮೈಲೇಜ್ ಎಷ್ಟು ಅಂತ ಆಮೇಲೆ ಕೇಳಿ

ನಮಸ್ಕಾರ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ನೋಡಲು ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ "ಮೈಲೇಜ್ ಎಷ್ಟು ಕೊಡುತ್ತೆ?" ಅಂತ, ಅಲ್ವಾ? ನಾನೂ ಬಹಳ ಕಾಲ ಹಾಗೇ ಕೇಳುತ್ತಿದ್ದೆ. ಈಗ ಮೊದಲು ಸರ್ವಿಸ್ ಬಿಲ್ ಕೇಳುತ್ತೇನೆ. ಬಿಲ್ ನೋಡಿದ ಮೇಲೆ ಉಳಿದ ಮಾತು.

ಯಾಕೆ ಅಂತ ಒಂದು ಲೆಕ್ಕ ಹಾಕೋಣ. ನೀವು ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಅಂದುಕೊಳ್ಳಿ. ಲೀಟರಿಗೆ 10 ಕಿ.ಮೀ. ಕೊಡುವ ಕಾರು ಬಿಟ್ಟು 12 ಕೊಡುವ ಕಾರು ತೆಗೆದುಕೊಂಡರೆ ವರ್ಷಕ್ಕೆ ಸುಮಾರು 167 ಲೀಟರ್ ಪೆಟ್ರೋಲ್ ಉಳಿಯುತ್ತದೆ. ದೊಡ್ಡ ಉಳಿತಾಯ. ಈಗ 20 ಕೊಡುವ ಕಾರು ಬಿಟ್ಟು 22 ಕೊಡುವುದನ್ನು ತೆಗೆದುಕೊಳ್ಳಿ. ಹೆಚ್ಚಾಗಿದ್ದು ಅದೇ 2 ಕಿಲೋಮೀಟರ್. ಆದರೆ ಉಳಿಯುವುದು ಬರೀ 45 ಲೀಟರ್. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮೊದಲೇ ಕಡಿಮೆ ಕುಡಿಯುತ್ತವೆ. ಅವುಗಳ ನಡುವೆ ಒಂದೆರಡು ಕಿಲೋಮೀಟರ್ ಮೈಲೇಜಿಗಾಗಿ ಗುದ್ದಾಡಿ, ಸರಿಯಾಗಿ ನೋಡಿಕೊಳ್ಳದ ಕಾರನ್ನು ಮನೆಗೆ ತಂದರೆ, ಒಂದು ಗೇರ್‌ಬಾಕ್ಸ್ ರಿಪೇರಿ ಎಷ್ಟೋ ವರ್ಷಗಳ ಉಳಿತಾಯವನ್ನು ನುಂಗಿಬಿಡುತ್ತದೆ.

ಇದು ನನಗೆ ಆಗಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನನ್ನ ಮೊದಲ ಕಾರು ಸಿವಿಟಿ ಎಂಬ ಬಗೆಯ ಗೇರ್‌ಬಾಕ್ಸ್ ಇರುವ ಆಟೋಮ್ಯಾಟಿಕ್. ಬಣ್ಣ ಚೆನ್ನಾಗಿತ್ತು, ಮೈಲೇಜ್ ಚೆನ್ನಾಗಿತ್ತು. ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿದ್ದೀರಾ ಅಂತ ಮಾರುವವರನ್ನು ಕೇಳಿದೆ. "ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ" ಅಂದರು. ನಂಬಿದೆ. ಎಂಟು ತಿಂಗಳಿಗೆ ನಡುಕ ಶುರುವಾಯಿತು. ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವಾಗ ಏರಿನಲ್ಲಿ ಎಂಜಿನ್ ಕೂಗುತ್ತಲೇ ಇತ್ತು, ಕಾರು ಮುಂದೆ ಹೋಗಲಿಲ್ಲ. ಅಮ್ಮ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್ ಓಡುತ್ತದೆ. ಅದು ಸವೆದ ಪುಡಿಯೆಲ್ಲ ಆಯಿಲ್‌ಗೇ ಸೇರುತ್ತದೆ. ಬಿಸಿಗೆ ಆಯಿಲ್ ಕೂಡ ಹಾಳಾಗುತ್ತದೆ. ಅದನ್ನು ಕಾಲಕಾಲಕ್ಕೆ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ನಾನಂತೂ ಹಳೆಯ ಸಿವಿಟಿ ಕಾರನ್ನು ಮುಟ್ಟುವುದಿಲ್ಲ. ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರ್ ಕೂಡ ಇರುವ ಟೊಯೊಟಾ ಹೈಬ್ರಿಡ್‌ಗಳ ಕಥೆ ಬೇರೆ. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಂದಾಗಿನಿಂದ ಅವು ಬಳಸುತ್ತಿರುವುದು ಹಲ್ಲಿನ ಗೇರುಗಳನ್ನೇ. ಹೆಸರು ಇ-ಸಿವಿಟಿ ಅಂತಿದ್ದರೂ ಒಳಗೆ ಜಾರುವ ಬೆಲ್ಟ್ ಇಲ್ಲ. ಆದರೆ ಅದರಲ್ಲಿ ಬ್ಯಾಟರಿ ಹೇಗಿದೆ ಅಂತ ತಿಳಿದವರಿಂದ ಪರೀಕ್ಷೆ ಮಾಡಿಸಲೇಬೇಕು.

ಯಾವ ಮಾಡೆಲ್ ಒಳ್ಳೆಯದು ಅಂತ ಜನ ನನ್ನನ್ನು ಕೇಳುತ್ತಾರೆ. ಟೊಯೊಟಾ ಕೊರೊಲ್ಲಾ 1966ರಿಂದ, ಹೋಂಡಾ ಸಿವಿಕ್ 1972ರಿಂದ ರಸ್ತೆಯಲ್ಲಿವೆ. ಇಂಥ ಕಾರುಗಳ ಪಾರ್ಟ್ಸ್ ಸುಲಭವಾಗಿ ಸಿಗುತ್ತವೆ, ಮೆಕ್ಯಾನಿಕ್‌ಗಳಿಗೆ ಅವುಗಳ ಒಳಹೊರಗು ಗೊತ್ತು. ಅದು ನಿಜವಾದ ಲಾಭ. ಟರ್ಬೊ ಇಲ್ಲದ ಸರಳ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್: ಹಳೆಯ ಕಾರಿನಲ್ಲಿ ನನ್ನ ಆಯ್ಕೆ ಇದು. ಆದರೂ ಹೆಸರೊಂದನ್ನೇ ನೋಡಿ ದುಡ್ಡು ಕೊಡಬೇಡಿ. ಆಯಿಲ್ ಕಾಣದ ಕೊರೊಲ್ಲಾಕ್ಕಿಂತ ಚೆನ್ನಾಗಿ ಸರ್ವಿಸ್ ಆದ ಸಾಧಾರಣ ಕಾರೇ ಮೇಲು.

ಡೀಸೆಲ್ ಬಗ್ಗೆ ಒಂದೇ ಮಾತು. ದಿನವೂ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರು ಮೈಲೇಜ್ ಆಸೆಗೆ ಹೊಸ ಕಾಲದ ಡೀಸೆಲ್ ಕಾರು ಕೊಳ್ಳಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅದರಲ್ಲಿರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು. ಓಡದಿದ್ದರೆ ಕಟ್ಟಿಕೊಳ್ಳುತ್ತದೆ.

ಕಾರು ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಇನ್ನೊಂದು ದಿನ ಬರುತ್ತೇನೆ ಅನ್ನಿ, ನಾಚಿಕೆ ಬೇಡ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಒಳಗೆ ಸೋರುತ್ತಿರಬಹುದು. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ. ದೋಷದ ಕೋಡ್‌ಗಳನ್ನು ಹಿಂದಿನ ದಿನ ಅಳಿಸಿದ್ದರೆ ಕಾರಿನ ಸ್ವಂತ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಸ್ಕ್ಯಾನರ್ ತೋರಿಸುತ್ತದೆ. ಬ್ಯಾಟರಿ ಬಿಚ್ಚಿದ್ದರೂ ಹಾಗೇ ತೋರಿಸಬಹುದು. ಹಾಗಾಗಿ ಯಾಕೆ ಅಂತ ಕೇಳಿ, ಉತ್ತರ ಕೊಡುವಾಗ ಅವರ ಮುಖ ನೋಡಿ.

ಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವೇನಲ್ಲ. 40 ಸಾವಿರ ತೋರಿಸುವ ಕಾರಿನಲ್ಲಿ ಪೆಡಲ್ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಹೊಳೆಯುತ್ತಿದ್ದರೆ ಅನುಮಾನ ಪಡಿ. ಹಳೆಯ ಬಿಲ್‌ಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ, ಹೊಂದಿಸಿ ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್.

ಎಂಜಿನ್ ಒಳಗಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಸರಿಯಾಗಿ ಓಡಿಸಲು ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ ಅಂತಲೂ ತಿಳಿದುಕೊಳ್ಳಿ. ಬೆಲ್ಟ್ ಆದರೆ ಎಷ್ಟೋ ಕಾರುಗಳಲ್ಲಿ 1 ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಬದಲಾಯಿಸಬೇಕು. ಕಾರು ಸುಮ್ನೆ ನಿಂತಿದ್ದರೂ ಬೆಲ್ಟಿಗೆ ವಯಸ್ಸಾಗುತ್ತದೆ. ಅದು ಹರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ಮೈಲೇಜ್ ಕೇಳಿ. ಕಂಪನಿ ಹೇಳಿದ ಅಂಕಿಯನ್ನು ಪೂರ್ತಿ ನಂಬಬೇಡಿ. ಯುರೋಪಿನಲ್ಲಿ 2017ರಲ್ಲಿ ಡಬ್ಲ್ಯುಎಲ್‌ಟಿಪಿ ಎಂಬ ಕಟ್ಟುನಿಟ್ಟಿನ ಪರೀಕ್ಷೆ ಬಂದಿದ್ದೇ ಹಳೆಯ ಪರೀಕ್ಷೆಯ ಅಂಕಿಗಳು ರಸ್ತೆಯಲ್ಲಿ ಸಿಗುತ್ತಿರಲಿಲ್ಲ ಅಂತ. ಕಾರು ತಂದ ಮೇಲೆ ಟೈರ್‌ಗೆ ಸರಿಯಾಗಿ ಗಾಳಿ ಹಾಕಿಸಿ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಫುಲ್ ಮಾಡಿಸುವಾಗ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ನಿಮ್ಮ ಕಾರಿನ ನಿಜವಾದ ಮೈಲೇಜ್ ಸಿಗುತ್ತದೆ.

ನಾನು ಈಗಿನ ಕಾರಿನಲ್ಲಿ ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹಾಕಿಸಿದ ಪೆಟ್ರೋಲ್, ಬದಲಾಯಿಸಿದ ಆಯಿಲ್, ದಿನಾಂಕ, ಕಿಲೋಮೀಟರ್, ಎಲ್ಲ ಅದರಲ್ಲಿದೆ. ಬಿಲ್‌ಗಳನ್ನೂ ಅದರ ಕೊನೆಗೆ ಪಿನ್ ಮಾಡಿದ್ದೇನೆ. ನನ್ನ ನಂತರ ಈ ಕಾರು ಕೊಳ್ಳುವವರಿಗೆ ಕೀ ಜೊತೆ ಅದನ್ನೂ ಕೊಡುತ್ತೇನೆ.